ಒಂದು ಜಾಡಿ ಕಡಿಮೆ

ಪೆರ್ನಿಕ್ ಗಣಿಯ ಸಾಮಾನು ಕೋಣೆಯಲ್ಲಿ
ಇಪ್ಪತ್ತೊಂಬತ್ತು ವರ್ಷ
ಸುತ್ತಿಗೆ, ಸಲಿಕೆ, ಟೋಪಿಯ ದೀಪ ಎಣಿಸಿದವಳು ನಾನು.
ಒಂದು ಮೊಳೆ ಹೆಚ್ಚಾದರೂ ನಿದ್ದೆ ಬರುತ್ತಿರಲಿಲ್ಲ,
ಕಡಿಮೆಯಾದರೆ ಕೇಳಲೇಬೇಡಿ.

ಈಗ ಎಣಿಸಲು ಉಳಿದದ್ದು ಇಷ್ಟೇ:
ಎಂಟು ಮಹಡಿಯ ಕಟ್ಟಡದ ಅಡಿಯಲ್ಲಿ
ಮರದ ಪಟ್ಟಿ ಹೊಡೆದು ಬೀಗ ಜಡಿದ
ಕೋಳಿಗೂಡಿನಂಥ ಒಂದು ಉಗ್ರಾಣ.

ಸೆಪ್ಟೆಂಬರಿನಲ್ಲಿ ಬೀದಿಗೆ ಬೀದಿಯೇ ಸುಟ್ಟ ವಾಸನೆ.
ಬಾಲ್ಕನಿ ಬಾಲ್ಕನಿಯಲ್ಲಿ ಕೆಂಪು ದೊಣ್ಣೆಮೆಣಸು ಚಟಗುಟ್ಟುತ್ತದೆ,
ಸಿಪ್ಪೆ ಸುಲಿದ ಉಗುರು ಮೂರು ದಿನ ಕಪ್ಪು.
ಅಂಗಳದಲ್ಲಿ ಹಳೆಯ ತಗಡಿನ ಪೀಪಾಯಿ, ಕೆಳಗೆ ಸೌದೆ,
ಒಳಗೆ ಚಿಂದಿ ಸುತ್ತಿಕೊಂಡ ಜಾಡಿಗಳು ಕೊತಕೊತ.
ತೆಗೆದು, ತಲೆಕೆಳಗಾಗಿಸಿ, ಕಂಬಳಿ ಹೊದಿಸಿ
ರಾತ್ರಿಯೆಲ್ಲ ಕಿವಿಗೊಟ್ಟಿರುತ್ತೇನೆ:
ಮುಚ್ಚಳ ಒಳಕ್ಕೆ ತಗ್ಗಿ ‘ಟಕ್’ ಎನ್ನಬೇಕು.
ಎನ್ನದ್ದು ಮೇಲಿನ ಫ್ರಿಜ್ಜಿಗೆ.
ಉಬ್ಬಿದ್ದನ್ನು ಮೂಸಿಯೂ ನೋಡದೆ ಎಸೆಯಬೇಕು.

ಜೋಡಿಸುವುದಕ್ಕೂ ಒಂದು ಧರ್ಮವಿದೆ.
ಹೋದ ವರ್ಷದ್ದು ಮುಂದೆ, ಈ ವರ್ಷದ್ದು ಹಿಂದೆ.
ಆಲೂಗಡ್ಡೆಯ ಮಗ್ಗುಲಲ್ಲಿ ಈರುಳ್ಳಿ ಬೇಡ,
ಅದರ ಬೆವರಿಗೆ ಇದು ಕೊಳೆಯುತ್ತದೆ,
ನನ್ನ ಇಬ್ಬರು ನಾದಿನಿಯರ ಹಾಗೆ.
ನೀಲಿ ಪೀಪಾಯಿಯಲ್ಲಿ ಇಡಿ ಇಡಿ ಎಲೆಕೋಸು;
ಮೂರು ದಿನಕ್ಕೊಮ್ಮೆ ತಳದ ನಲ್ಲಿಯಿಂದ ಬಸಿದು
ಮತ್ತೆ ಮೇಲಿಂದ ಹೊಯ್ಯುತ್ತೇನೆ,
ತಳ ಹಿಡಿದು ಕೂತ ಉಪ್ಪು ತಲೆಗೂ ಏರಲಿ ಎಂದು.

ನವೆಂಬರಿನಲ್ಲಿ ಲೆಕ್ಕ ತಪ್ಪಿತು.
ಮೆಣಸು, ಟೊಮೇಟೊ ಅರೆದು ಕಾಯಿಸಿದ ಲ್ಯುತೆನಿತ್ಸಾ
ಇರಬೇಕಾದ್ದು ನಲವತ್ತೊಂದು, ಇದ್ದದ್ದು ನಲವತ್ತು.
ಕನ್ನಡಕ ಒರೆಸಿ ಮತ್ತೊಮ್ಮೆ ಎಣಿಸಿದೆ.
ಮುಂದಿನ ಗುರುವಾರ ಮೂವತ್ತೊಂಬತ್ತು.
ಬೀಗ ಇದ್ದ ಹಾಗೇ ಇದೆ. ಪಟ್ಟಿಯೊಂದರ ಮೊಳೆ ಸಡಿಲ;
ಸರಿಸಿದರೆ ಒಂದು ಕೈ, ಒಂದು ಜಾಡಿ.

ಮೊಳೆ, ಸುತ್ತಿಗೆ ಹಿಡಿದು ಕೆಳಗಿಳಿದೆ.
ಗಣಿಯದ್ದಲ್ಲ, ರಸೀದಿ ಇದೆ.
ಹೊಡೆಯಲು ಕೂತಾಗ ಕಂಡಿತು:
ಬರಿದಾದ ಜಾಗದಲ್ಲೇ ಬರಿಯ ಜಾಡಿಗಳು, ಎರಡು.
ಸೋಡಾ ಹಾಕಿ ತಿಕ್ಕಿವೆ,
ನನ್ನ ಚೀಟಿಯ ಅಂಟು ಕೂಡ ಬಿಡಿಸಿದೆ,
ಒಳಗೆ ತೇವ ನಿಲ್ಲದಂತೆ ಮಡಿಸಿಟ್ಟ ಕಾಗದ.

ಕಳ್ಳರಿಗೆ ಇಷ್ಟು ಒಪ್ಪ ಓರಣ ಉಂಟೆ?
ನಾಲ್ಕನೆಯ ಮಹಡಿಯ ಸ್ಪಾಸ್ಕಾಳೆ? ಅವಳ ತೋಳು ಈ ಸಂದಿಗೆ ಹಿಡಿಸದು.
ಆರನೆಯ ಮಹಡಿಯ ಬೋರಿಮೀರ್ ಮುಖ ತೊಳೆಯುವುದೇ ಈಸ್ಟರಿಗೆ.
ಪತ್ತೆ ಹಚ್ಚಬಹುದಿತ್ತು. ಗಣಿಯಲ್ಲಿ ಹಚ್ಚುತ್ತಿದ್ದೆ.
ಉಪ್ಪು ತಿಂದವರು ನೀರು ಕುಡಿಯಲೇಬೇಕಂತೆ;
ಕುಡಿಯಲಿ ಬಿಡಿ,
ನಲ್ಲಿ ಎಲ್ಲರ ಮನೆಯಲ್ಲೂ ಇದೆ.

ಮೊಳೆಯನ್ನು ಕಿಸೆಗೆ ಹಾಕಿಕೊಂಡೆ.
ಮೂರು ದಿನ ಹಿಡಿಯಿತು ಕಪಾಟು ಮತ್ತೆ ಜೋಡಿಸಲು.
ಸಂದಿಗೆ ಹತ್ತಿರದ ಸಾಲಿನಲ್ಲಿ ಮಾತ್ರ
ಈ ವರ್ಷದ್ದೇ ಮುಂದೆ.
ಬೇಯಿಸಿದ ಹುರುಳಿಕಾಯಿ ಸೇರಿಸಿದೆ,
ಬರೀ ಗೊಜ್ಜು ತಿಂದು ಎಷ್ಟು ದಿನ.
ಲೆಕ್ಕದ ಪುಸ್ತಕದಲ್ಲಿ ಹೊಸ ಕಲಂ ಎಳೆದೆ;
‘ಕಳವು’ ಎಂದರೆ ಸುಳ್ಳು, ‘ದಾನ’ ಎಂದರೆ ಜಂಬ.
ತಲೆಬರಹ ಖಾಲಿ ಬಿಟ್ಟಿದ್ದೇನೆ.

ಫೆಬ್ರವರಿಯ ಒಂದು ಬೆಳಗ್ಗೆ
ಮರಳಿ ಬಂದ ಜಾಡಿ ಖಾಲಿಯಿರಲಿಲ್ಲ.
ಸೊಟ್ಟಸೊಟ್ಟ ಹೆಚ್ಚಿದ ಕ್ಯಾರೆಟ್ಟು, ಹೂಕೋಸು,
ಎರಡು ಬೆಳ್ಳುಳ್ಳಿ ಎಸಳು, ಕದಡಿದ ನೀರು.
ಮುಚ್ಚಳ ಉಬ್ಬಿತ್ತು.

ಹೇಳಿದೆನಲ್ಲ, ಉಬ್ಬಿದ್ದನ್ನು ಎಸೆಯಬೇಕು.
ಜಾಡಿ ಸಮೇತ ಎಸೆದೆ.
ಆ ಜಾಗಕ್ಕೆ ಬೇರೊಂದು ಖಾಲಿ ಜಾಡಿ ಇಟ್ಟು
ಚೀಟಿ ಅಂಟಿಸಿ, ದೊಡ್ಡ ಅಕ್ಷರದಲ್ಲಿ ಬರೆದೆ:
ಕುದಿಸಿದ್ದು ಸಾಲದು. ವಿನೆಗರ್ ಇನ್ನೂ ಅರ್ಧ ಲೋಟ.
ಮುಚ್ಚಳ ‘ಟಕ್’ ಎನ್ನುವವರೆಗೆ
ಮಲಗಬೇಡಿ.